ಎರಡು ದಿನದ ನೀರು

ಕಿದ್ಫಾ. ರಾತ್ರಿ ಪಾಳಿ. ಹೊರಗೆ ಮೂವತ್ತೊಂಬತ್ತು ಡಿಗ್ರಿ,
ಒಳಗೆ ನನಗೆ ಸ್ವೆಟರು.
ನನ್ನ ಕೆಲಸ ಇಷ್ಟೇ: ಕಡಲನ್ನು ಹೀರುವ ಕೊಳವೆಯ ಬಾಯಲ್ಲಿ
ಗಂಟೆಗೊಂದು ಬಾಟಲಿ ತುಂಬಿ,
ಎಣ್ಣೆಯ ವಾಸನೆ ಇದೆಯಾ, ಕೆಂಪು ಪಾಚಿ ಇದೆಯಾ
ಮೂಸಿ, ಬೆಳಕಿಗೆ ಹಿಡಿದು,
ಇಲ್ಲ ಅಂತ ಬರೆಯುವುದು.

ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ. ಇಲ್ಲ. ಇಲ್ಲ.
ಈ ಇಲ್ಲಗಳ ಮೇಲೆ ಒಂದು ಊರು
ಹಲ್ಲುಜ್ಜುತ್ತದೆ, ಅಕ್ಕಿ ತೊಳೆಯುತ್ತದೆ, ವುಝೂ ಮಾಡುತ್ತದೆ.

ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಅನ್ನುತ್ತಿದ್ದಳು ಉಳ್ಳಾಲದ ನನ್ನ ಉಮ್ಮ.
ಇಲ್ಲಿಗೆ ಬಂದಿದ್ದರೆ ಗಾದೆಯನ್ನೇ ಮಗುಚಿ ಹಾಕುತ್ತಿದ್ದಳು:
ಉಪ್ಪು ಬೇಕಾದಷ್ಟಿದೆ. ತೆಗೆದು ತೆಗೆದು ಕಡಲಿಗೇ ಎಸೆಯುತ್ತೇವೆ.
ನೀರಿಗಾಗಿ ಗ್ಯಾಸು ಉರಿಸುತ್ತೇವೆ,
ಉರಿದ ಗ್ಯಾಸಿಗೆ ಕಡಲು ಕಾಯುತ್ತದೆ,
ಕಾದ ಕಡಲಲ್ಲಿ ಪಾಚಿ ಮರಿ ಹಾಕುತ್ತದೆ,
ಪಾಚಿ ಬಂದು ಕೊಳವೆಯ ಗಂಟಲು ಹಿಡಿಯುತ್ತದೆ.
ಇದನ್ನು ಒಮ್ಮೆ ಚಿತ್ರ ಬರೆದು ಖಲ್ಫಾನನಿಗೆ ತೋರಿಸಿದೆ.
ಯಮ್ಮಾಹಿ ಮನೆತನದ ಎಂಜಿನಿಯರು, ಮಾತು ಕಡಿಮೆ.
"ಗೊತ್ತು" ಅಂದ. "ಮರುಭೂಮಿಗೆ ಸೌರಫಲಕ ಹಾಸುತ್ತಿದ್ದೇವಲ್ಲ,
ಎಣ್ಣೆ ಮಾರಿದ ದುಡ್ಡಲ್ಲಿ ಬಿಸಿಲು ಕೊಳ್ಳುತ್ತಿದ್ದೇವೆ. ಸ್ವಲ್ಪ ತಾಳು."
ತಾಳು ಅಂದದ್ದು ನನಗೋ, ಕಡಲಿಗೋ.
ಕಡಲಂತೂ ಕಾಯುತ್ತಿದೆ.

ಈ ವಾರ ಹಡಗುಗಳು ಹೋಗುತ್ತಿಲ್ಲ.
ಲಂಗರು ಹಾಕಿ ನಿಂತಿವೆ, ನೂರಾರು ದೀಪ;
ಕತ್ತಲಲ್ಲಿ ನೋಡಿದರೆ ನೀರ ಮೇಲೆ ಯಾರೋ
ಬಾಡಿಗೆಗೆ ಒಂದು ಪಟ್ಟಣ ತಂದಿಟ್ಟ ಹಾಗೆ.
ಉತ್ತರಕ್ಕೆ ಜಲಸಂಧಿ.
ಶಾಲೆಯಲ್ಲಿ ಕನ್ನಡ ಮೇಷ್ಟ್ರು ಕಲಿಸಿದ್ದು ಮೂರು ಸಂಧಿ:
ಲೋಪ, ಆಗಮ, ಆದೇಶ.
ವ್ಯಾಕರಣ ಅಂದುಕೊಂಡಿದ್ದೆ, ಭೂಗೋಳವಂತೆ.
ಹಡಗಿನ ಆಗಮ ನಿಂತಿದೆ.
ಲೋಪ ತನ್ನದಲ್ಲ ಎಂದು ಎರಡು ದಡವೂ ರೇಡಿಯೋದಲ್ಲಿ.
ನಮಗೆ ಬಂದಿರುವುದು ಆದೇಶ, ಒಂದೇ ಸಾಲು:
ಎಣ್ಣೆ ಕಂಡರೆ ಬಾಯಿ ಮುಚ್ಚಿ.
ಕೊಳವೆಯ ಬಾಯಿ ಅಂತಲೇ ಓದಿಕೊಂಡೆವು.

ಬಾಯಿ ಮುಚ್ಚಿದರೆ ತೊಟ್ಟಿಯಲ್ಲಿರುವುದು ಎರಡು ದಿನದ ನೀರು.

ಖಲ್ಫಾನನ ಅಜ್ಜಿ ಆಚೆ ದಡದವಳು, ಬಂದರ್ ಲೆಂಗೆಯವಳು.
ಅವಳ ಅಣ್ಣನ ಮೊಮ್ಮಕ್ಕಳು ಈಗಲೂ ಈದ್‌ಗೆ ಫೋನು ಮಾಡುತ್ತಾರೆ.
ಇವನ ತಮ್ಮ ವಾಯುರಕ್ಷಣೆಯಲ್ಲಿ, ಆ ದಡಕ್ಕೇ ಮುಖ ಮಾಡಿ ಕೂತಿದ್ದಾನೆ.
"ನಿಮ್ಮವರು ಯಾರ ಕಡೆ?" ಕೇಳಿಬಿಟ್ಟೆ.
ಫ್ಲಾಸ್ಕಿನಿಂದ ನನ್ನ ಬಟ್ಟಲಿಗೆ ಕಾಫಿ ಬಗ್ಗಿಸಿದ.
"ಬೆಳಿಗ್ಗೆ ಒಬ್ಬರು ಬರ್ತಾರೆ, ಸಂಜೆ ಅವರ ಶತ್ರು. ಕಾಫಿ ಅದೇ.
ಸಾಕು ಅನ್ನಿಸಿದವನು ಬಟ್ಟಲು ಅಲ್ಲಾಡಿಸಬೇಕು, ಅದು ಪದ್ಧತಿ.
ಅಲ್ಲಾಡಿಸುವ ತನಕ ಸುರಿಯುತ್ತಲೇ ಇರಬೇಕು.
ಸುರಿಯುವವನ ಕೈ ನೋಯುತ್ತದೆ, ಅಷ್ಟೆ."

ಎರಡೂವರೆಗೆ ಉತ್ತರದಲ್ಲಿ ಒಂದು ಬೆಳಕು.
ಮಿಂಚಲ್ಲ; ಮಿಂಚು ಹೀಗೆ ನಿಲ್ಲುವುದಿಲ್ಲ.
ಆಮೇಲೆ ಕಿಟಕಿಯ ಗಾಜಿಗೆ
ಬಡಕಲು ಗುಡುಗೊಂದು ಬಂದು ಒರಗಿತು.
ಫೋನುಗಳು. ಅರಬ್ಬಿ, ಮಲಯಾಳ, ಉರ್ದು.
ಬಲೆ ಹಾಕಲು ಹೋದ ಹುಮೈದ್ ಮಾತ್ರ
ಫೋನು ಎತ್ತುತ್ತಿಲ್ಲ. ಅವನು ಯಾವತ್ತೂ ಎತ್ತುವವನಲ್ಲ.

ಮೂರು ನಲವತ್ತು. ಬಾಟಲಿ ತುಂಬಿ ಮೂಸಿದೆ.
ಏನೋ ಇದೆ.
ಮತ್ತೆ ಮೂಸಿದೆ. ಏಲಕ್ಕಿ.
ನನ್ನದೇ ಬೆರಳು, ಅವನ ಕಾಫಿ.
ಕೈ ತೊಳೆದೆ. ಎರಡು ದಿನದ ನೀರಿನಲ್ಲಿ
ಒಂದು ಬೊಗಸೆ ಹೋಯಿತು.

"ಮಿಸ್ರಿಯಾ, ಏನು ಬರೆಯಲಿ?" ಮೇಲಿಂದ ಖಲ್ಫಾನ್.
ಫಾರಮಿನಲ್ಲಿ ಎರಡೇ ಚೌಕ: ಇದೆ, ಇಲ್ಲ.
"ಸಮಯ ಬರಿ" ಅಂದೆ.
ಬಾಟಲಿ ಚೆಲ್ಲಿ
ಮತ್ತೆ ಮೆಟ್ಟಿಲಿಳಿದೆ, ಕಡಲ ಕಡೆಗೆ.